ನೂರಕ್ಕೆ ಆರು

ಫೆಬ್ರವರಿ 8, ಶನಿವಾರ

ಹತ್ತಿ ಕಟ್ಟಿಗೆ ಅಂತೂ ಪುಡಿಯಾಯಿತು. ಅದಕ್ಕೇ ಅರ್ಧ ದಿನ ಹೋಯಿತು.

ಹತ್ತಿ ಬಿಡಿಸಿದ ಮೇಲೆ ಉಳಿಯುವ ಗಿಡವನ್ನು ನಮ್ಮ ಮನೆಯವರು ಪ್ರತಿ ವರ್ಷ ಹೊಲದಲ್ಲೇ ಸುಡುತ್ತಾರೆ. ಈ ಸಲ ಎರಡು ಚೀಲ ನನಗೆ ಬೇಕು ಎಂದಾಗ, ಕಾಲೇಜಿನಲ್ಲಿ ಒಲೆ ಹೂಡುತ್ತೀಯೇನು ಎಂದು ಗಂಡ ಪ್ರಭು ನಕ್ಕರು. ಒಲೆಯೇ ಹೌದು, ಆದರೆ ಮೈಕ್ರೋವೇವ್ ಒಲೆ. ಅತ್ತೆಗಾದರೂ ತಿಳಿಯುವ ಹಾಗೆ ಹೇಳಲು ನೋಡಿದೆ.

"ಗಿಡ ನೆಟ್ಟಗ ನಿಂದ್ರಾಕ ಅದರೊಳಗ ಒಂದ ನಮೂನಿ ಅಂಟ ಇರ್ತೈತ್ರಿ ಅತ್ತಿ. ಲಿಗ್ನಿನ್ ಅಂತಾರ. ಅದನ್ನ ಸರಿಯಾಗಿ ಕಾಸಿ ಒಡದ್ರ ವೆನಿಲಿನ್ ಬರ್ತೈತಿ. ಐಸ್‌ಕ್ರೀಮಿನ ವಾಸನಿ."

"ಐವತ್ತ ವರ್ಷ ಇದನ್ನ ಒಲಿಗಿ ಇಟ್ಟೀನಿ. ಹೊಗಿ ಬಿಟ್ರ ಏನೂ ಬರಲಿಲ್ಲ," ಅಂದರು ಅತ್ತೆ ಸುಶೀಲವ್ವ.

ಒಲೆಯ ಬೆಂಕಿ ಹೊರಗಿನಿಂದ ಸುಡುತ್ತದೆ, ಮೈಕ್ರೋವೇವ್ ಒಳಗೂ ಹೊರಗೂ ಒಂದೇ ಸಲಕ್ಕೆ ಕಾಯಿಸುತ್ತದೆ, ಅದಕ್ಕೇ ಕರಕಲಾಗುವ ಮೊದಲು ಲಿಗ್ನಿನ್ ಒಡೆಯುತ್ತದೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಅವರು ಎದ್ದು ದನದ ಕಡೆ ಹೋಗಿದ್ದರು. ಇಪ್ಪತ್ತೆರಡು ವರ್ಷ ಕೆಮಿಸ್ಟ್ರಿ ಕಲಿಸಿದವಳಿಗೆ ಮನೆಯಲ್ಲಿ ಇಷ್ಟು ಮರ್ಯಾದೆ.

ಊರ ಗಿರಣಿಯವಳು ಜೋಳ ಬೀಸುವ ಕಲ್ಲಿಗೆ ಕಟ್ಟಿಗೆ ಹಾಕಲು ಒಪ್ಪಲಿಲ್ಲ. ಖಾರ ಕುಟ್ಟುವ ಮಷಿನ್ನಿಗೆ ಹಾಕೋಣ ಎಂದಳು. ಹಾಕುವ ಮೊದಲು ಒಂದು ಹಿಡಿ ಜೋಳ ಸುರಿದು ಓಡಿಸಿ, ಕೆಂಪಗೆ ಬಂದ ಹಿಟ್ಟನ್ನು ಚೆಲ್ಲಿದಳು. ಮತ್ತೊಂದು ಹಿಡಿ ಹಾಕಿದಳು. ಮತ್ತೊಂದು. ನಾನು ಗಡಿಯಾರ ನೋಡುತ್ತ ನಿಂತಿದ್ದೆ.

"ಸಾಕ ಬಿಡ. ಕಟಗಿ ಅದು, ಯಾರೂ ತಿನ್ನೂದಲ್ಲ," ಅಂದೆ.

"ನೀವು ಏನರ ಮಾಡ್ಕೋರಿ ಅಕ್ಕೋರ. ನನ್ನ ಮಷಿನ್ನಿನ್ಯಾಗ ಒಂದರ ವಾಸನಿ ಇನ್ನೊಂದಕ್ಕ ಹೋಗಬಾರದು," ಅಂದಳು.

ಮೂರನೆಯ ಹಿಡಿ ಬೆಳ್ಳಗೆ ಬಂದ ಮೇಲೆಯೇ ಕಟ್ಟಿಗೆ ಒಳಗೆ ಹೋದದ್ದು. ಈ ಹಳ್ಳಿ ಜನಕ್ಕೆ ಹೊತ್ತಿನ ಬೆಲೆ ಗೊತ್ತಿಲ್ಲ.

ಫೆಬ್ರವರಿ 19, ಬುಧವಾರ

ಬಂತು!

ಕಟ್ಟಿಗೆ ಪುಡಿಯಿಂದ ಬೇರ್ಪಡಿಸಿದ ಒಂದು ಗ್ರಾಂ ಲಿಗ್ನಿನ್, ಕ್ಷಾರ, ಚಿಟಿಕೆ ಮೈಲುತುತ್ತ, ಮೇಲೆ ಹೈಡ್ರೋಜನ್ ಪೆರಾಕ್ಸೈಡ್. ದಪ್ಪ ಪಾತ್ರೆಗೆ ಮುಚ್ಚಳ ತಿರುಗಿಸಿ ಮೈಕ್ರೋವೇವಿನಲ್ಲಿ ಎಂಟು ನಿಮಿಷ ಇಟ್ಟೆ. ಆರಿದ ಮೇಲೆ ಮುಚ್ಚಳ ತೆಗೆದರೆ ಇಡೀ ಲ್ಯಾಬ್ ಘಮ್ಮೆಂದಿತು. ಲ್ಯಾಬ್ ನೋಡಿಕೊಳ್ಳುವ ಮುಬಶಿರಾ ಬಾಗಿಲಲ್ಲೇ ನಿಂತು, "ಯಾರ ಬರ್ತ್‌ಡೇರಿ ಮೇಡಂ?" ಅಂದಳು. ನಾನು ಅವಳ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟೆ. ನನ್ನ ವಯಸ್ಸು ನಲವತ್ತಾರು!

ಅವಳಿಗೆ ಅದರಲ್ಲೂ ಒಂದು ಕೊಂಕು. "ಲಿಗ್ನಿನ್ ಹಾಕಲಾರದ ಒಂದ ಸಲ ಮಾಡೂಣೇನ್ರಿ, ಬ್ಲ್ಯಾಂಕು?" ಎಂದು ಕೇಳಿದಳು. ಉಳಿದದ್ದೆಲ್ಲ ಹಾಕಿ ಮುಖ್ಯವಾದದ್ದನ್ನು ಮಾತ್ರ ಬಿಟ್ಟು ಮಾಡುವ ಖಾಲಿ ಪ್ರಯೋಗವೇ ಬ್ಲ್ಯಾಂಕ್. ಏನೂ ಬರಬಾರದ ಕಡೆ ಏನೂ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ವಿದ್ಯಾರ್ಥಿಗಳಿಗೆ ಬಯ್ದು ಬಯ್ದು ಕಲಿಸುವವಳು ನಾನೇ. ಮೂಗಿಗೆ ಬಡಿಯುತ್ತಿರುವಾಗ ಬ್ಲ್ಯಾಂಕ್ ಯಾಕೆ, ಆಮೇಲೆ ನೋಡೋಣ ಎಂದೆ. ಮಾದರಿಯನ್ನು ಧಾರವಾಡಕ್ಕೆ ಪರೀಕ್ಷೆಗೆ ಕಳಿಸಿದೆ.

ಫೆಬ್ರವರಿ 25, ಮಂಗಳವಾರ

ನೂರಕ್ಕೆ ಆರು! ನೂರು ಗ್ರಾಂ ಲಿಗ್ನಿನ್‌ನಿಂದ ಆರು ಗ್ರಾಂ ವೆನಿಲಿನ್ ಬಂದ ಲೆಕ್ಕ. ಹತ್ತಿ ಕಟ್ಟಿಗೆಯಿಂದ ಒಂದೂವರೆ ಬಂದರೆ ದೊಡ್ಡದು ಎನ್ನುತ್ತಾರೆ. ವರದಿಯನ್ನು ಹತ್ತು ಸಲ ಓದಿದೆ. ಪ್ರಾಂಶುಪಾಲರ ಕೋಣೆಗೆ ನಡೆದು ಹೋಗಲಿಲ್ಲ, ಓಡಿದೆ.

ಮಾರ್ಚ್ 4, ಮಂಗಳವಾರ

ಪತ್ರಿಕೆಯಲ್ಲಿ ಫೋಟೋ ಬಂದಿದೆ. "ಹತ್ತಿ ಕಟ್ಟಿಗೆಯಲ್ಲಿ ಐಸ್‌ಕ್ರೀಮ್ ಪರಿಮಳ." ಸೀರೆಯ ನೆರಿಗೆ ಸ್ವಲ್ಪ ಕೆಟ್ಟಿದೆ, ಅಷ್ಟೇ. ಕಾಲೇಜಿನಲ್ಲಿ ಶಾಲು ಹೊದಿಸಿದರು. ಯೋಜನೆಗೆ ಅನುದಾನ ಕೊಟ್ಟ ಸಮಿತಿಯವರು ಹದಿನೇಳಕ್ಕೆ ಬರುತ್ತಾರೆ. ಅಷ್ಟರೊಳಗೆ ಇನ್ನೂ ಮೂರು ಸಲ ಮಾಡಿ ಅದೇ ಫಲಿತಾಂಶ ತೋರಿಸಬೇಕು. ತೋರಿಸೋಣ.

ಅತ್ತೆ ಪತ್ರಿಕೆಯನ್ನು ಮಡಿಸಿ ದೇವರ ಮುಂದೆ ಇಟ್ಟಿದ್ದಾರೆ.

ಮಾರ್ಚ್ 12, ಬುಧವಾರ

ಐದು. ಮೂರು. ಎರಡು.

ಮಾರ್ಚ್ 13, ಗುರುವಾರ

ಯಾಕೆ ಇಳಿಯುತ್ತಿದೆ? ಅದೇ ಒಲೆ, ಅದೇ ಪಾತ್ರೆ, ಅದೇ ಎಂಟು ನಿಮಿಷ. ಶಾಲು ಹೊದಿಸಿಕೊಂಡು ಇನ್ನೂ ಹತ್ತು ದಿನವಾಗಿಲ್ಲ.

ಮಾರ್ಚ್ 16, ಭಾನುವಾರ

ಕಾರಣ ಸಿಕ್ಕಿತು. ಮೆಣಸಿನಕಾಯಿ! ಅದರ ಖಾರಕ್ಕೆ ಕಾರಣವಾದ ಅಣುವಿನ ಒಂದು ತುದಿ ಥೇಟು ವೆನಿಲಿನ್ ಹಾಗೆಯೇ ಇದೆ. ಕಾಸಿ ಒಡೆದರೆ ವೆನಿಲಿನ್ ಬರಬಲ್ಲದು. ಕಟ್ಟಿಗೆಯನ್ನು ಪುಡಿ ಮಾಡಿದ್ದು ಖಾರದ ಮಷಿನ್ನಿನಲ್ಲಿ. ಮೊದಲು ಬಿದ್ದ ಪುಡಿಯಲ್ಲಿ ಖಾರ ಹೆಚ್ಚು, ಆಮೇಲಿನದರಲ್ಲಿ ಕಡಿಮೆ. ಅಂಕಿ ಇಳಿದದ್ದಕ್ಕೂ ಸರಿಯಾಗಿ ಹೊಂದುತ್ತದೆ. ನನಗೆ ನಾನೇ ಭೇಷ್ ಎಂದುಕೊಂಡೆ. ಇಂಥದ್ದನ್ನು ಕಂಡುಹಿಡಿಯುವುದಕ್ಕೂ ತಲೆ ಬೇಕು.

ಮಾರ್ಚ್ 17, ಸೋಮವಾರ

ಸಭೆ ಮುಗಿಯಿತು. ಗಿರಣಿಯ ಹಂತದಲ್ಲಿ ಖಾರದ ಪುಡಿ ಬೆರೆತಿರುವ ಸಾಧ್ಯತೆಯನ್ನು ಸಮಿತಿಯ ಗಮನಕ್ಕೆ ತರಲಾಯಿತು. ಮಷಿನ್ ಶುದ್ಧಗೊಳಿಸಿದ್ದರೇ ಎಂದು ಒಬ್ಬರು ಕೇಳಿದರು. ಹಳ್ಳಿಯ ಗಿರಣಿ ಸರ್, ಅಲ್ಲಿ ಎಷ್ಟರ ಮಟ್ಟಿಗೆ ನಿರೀಕ್ಷಿಸಬಹುದು ಎಂದು ಉತ್ತರಿಸಲಾಯಿತು. ಎಲ್ಲರೂ ನಕ್ಕರು. ಇಷ್ಟು ಬೇಗ ಕಾರಣ ಹುಡುಕಿದ್ದಕ್ಕೆ ಹಿರಿಯರೊಬ್ಬರು ಮೆಚ್ಚಿಕೊಂಡರು. ಆರು ತಿಂಗಳು ಹೆಚ್ಚಿನ ಅವಧಿಯೂ ಸಿಕ್ಕಿತು.

ನಾನು ಯಾರ ಹೆಸರನ್ನೂ ಹೇಳಲಿಲ್ಲ.

ಮಾರ್ಚ್ 20, ಗುರುವಾರ

ಸಭೆಯಲ್ಲಿ ಆ ಪತ್ರಿಕೆಯವನೂ ಕೂತಿದ್ದನೆಂದು ಗೊತ್ತಿರಲಿಲ್ಲ. "ಕುಬಿಹಾಳದ ಖಾರದ ಗಿರಣಿಯಲ್ಲಿ ರಾಸಾಯನಿಕ ಬೆರಕೆ: ಸಂಶೋಧನೆಗೆ ಹಿನ್ನಡೆ." ಹೀಗೆ ನಾನು ಹೇಳಿರಲಿಲ್ಲ. ಖಾರ ಬೆರೆತಿರಬಹುದು ಎಂದಿದ್ದೆ, ಅಷ್ಟೇ. ನಮ್ಮೂರು ಕುಬಿಹಾಳದಲ್ಲಿ ಖಾರದ ಮಷಿನ್ ಇರುವುದು ಒಂದೇ, ನಿಜ. ಆದರೆ ಒಂದು ಸಣ್ಣ ಸುದ್ದಿಯನ್ನು ಯಾರು ಓದುತ್ತಾರೆ?

ಮಾರ್ಚ್ 25, ಮಂಗಳವಾರ

ಎಲ್ಲರೂ ಓದಿದ್ದಾರೆ. ಓದು ಬಾರದವರಿಗೆ ಓದಿದವರು ಹೇಳಿದ್ದಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಂಜೆ ಅತ್ತೆ ರೊಟ್ಟಿ ತಟ್ಟುತ್ತ ಹೇಳಿದರು.

"ಗಿರಣಿ ಮೈಲಾರವ್ವ ಖಾರಕ್ಕ ಬಣ್ಣ ಬೆರಸ್ತಾಳಂತ. ನಿಮ್ಮ ಕಾಲೇಜಿನ್ಯಾಗ ಮಷಿನ್ ಹಚ್ಚಿ ಕಂಡ ಹಿಡದಾರಂತ."

"ಬಣ್ಣ ಅಂತ ಯಾರ ಹೇಳಿದ್ರಿ?"

"ಊರ ತುಂಬ ಹೇಳಾಕತ್ತಾರ. ನೀನ ಹೇಳೀದಿ ಅಂತಲ್ಲ? ನಾ ಆಗಲೇ ಜ್ವಾಳಾನೂ ಕುಂದಗೋಳದ ಗಿರಣಿಗಿ ಕೊಟ್ಟ ಕಳಿಸೀನಿ. ಸುಡಗಾಡ ಹಿಟ್ಟ ಅದು, ಕಾದ ಕಲ್ಲಿನ್ಯಾಗ ಬೀಸ್ಯಾರ. ನೋಡ, ರೊಟ್ಟಿ ಹ್ಯಾಂಗ ಹರದ ಹೋಗಾಕತ್ತಾವು."

ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಊರಿನಲ್ಲಿ ಖಾರಕ್ಕೆ ಬಣ್ಣ ಬೆರೆಸಿದಳು ಎನ್ನುವುದಕ್ಕಿಂತ ಕೆಟ್ಟ ಮಾತಿಲ್ಲ. ಬಣ್ಣವೇ ಅದರ ಬೆಲೆ. ಯುಗಾದಿಯ ಹಿಂದೆಮುಂದೆ ಪ್ರತಿ ಮನೆಯವರೂ ವರ್ಷಕ್ಕಾಗುವಷ್ಟು ಖಾರ ಒಂದೇ ಸಲ ಕುಟ್ಟಿಸಿ ಇಡುತ್ತಾರೆ. ಈ ಒಂದೂವರೆ ತಿಂಗಳ ದುಡಿಮೆಯಲ್ಲೇ ಗಿರಣಿಯವರ ವರ್ಷ ಸಾಗಬೇಕು. ಅದು ಬಣ್ಣವಲ್ಲ ಎಂದು ಅತ್ತೆಗೆ ಹೇಳಿದೆ. ಮತ್ತೆ ಏನು ಎಂದು ಕೇಳಿದರು. ಅಣುವಿನ ತುದಿಯನ್ನು ಅವರಿಗೆ ಹೇಗೆ ವಿವರಿಸಲಿ?

ಮಾರ್ಚ್ 30, ಭಾನುವಾರ, ಯುಗಾದಿ

ಬೇವು ಬೆಲ್ಲ ತಿಂದೆವು. ಗಿರಣಿಯ ಮುಂದೆ ಹಾದು ಬಂದೆ. ಈ ಹೊತ್ತಿಗೆ ಅಲ್ಲಿ ಡಬ್ಬಿ, ಚೀಲಗಳ ಸಾಲು ರಸ್ತೆಗೆ ಬಂದಿರುತ್ತಿತ್ತು, ಹಾದುಹೋಗುವವರೆಲ್ಲ ಸೀನುತ್ತಿದ್ದರು. ಇವತ್ತು ನನಗೆ ಸೀನು ಬರಲಿಲ್ಲ.

ಏಪ್ರಿಲ್ 3, ಗುರುವಾರ

ಇದನ್ನು ಬರೆಯದೆ ಬಿಡಲೇ ಎಂದು ಬಹಳ ಹೊತ್ತು ಕೂತೆ. ಇಲ್ಲಿಯೂ ಬರೆಯದಿದ್ದರೆ ಇನ್ನೆಲ್ಲಿ?

ಹೊಸ ಕಟ್ಟಿಗೆಯನ್ನು ಲ್ಯಾಬಿನಲ್ಲೇ ಪುಡಿ ಮಾಡಿ ಶುರು ಮಾಡೋಣವೆಂದು ಹೊರಟೆ. ಅದಕ್ಕೂ ಮೊದಲು ಬ್ಲ್ಯಾಂಕ್ ಹಾಕಿರೆಂದು ಮುಬಶಿರಾ ಮತ್ತೆ ಹೇಳಿದಳು. ಅವಳ ಬಾಯಿ ಮುಚ್ಚಿಸಲೆಂದೇ ಹಾಕಿದೆ. ಕ್ಷಾರ, ಮೈಲುತುತ್ತ, ಪೆರಾಕ್ಸೈಡ್. ಕಟ್ಟಿಗೆ ಇಲ್ಲ, ಲಿಗ್ನಿನ್ ಇಲ್ಲ, ಖಾರವಂತೂ ಇಲ್ಲವೇ ಇಲ್ಲ. ಎಂಟು ನಿಮಿಷ. ಮುಚ್ಚಳ ತೆಗೆದೆ.

ವೆನಿಲಿನ್ ವಾಸನೆ ಬಂತು. ತೆಳುವಾಗಿ, ಆದರೆ ಅದೇ.

ಮುಬಶಿರಾ ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮುಚ್ಚಳದ ಒಳಗಿನ ರಬ್ಬರ್ ವಾಷರನ್ನು ಬಿಡಿಸಿ ನನ್ನ ಮೂಗಿನ ಹತ್ತಿರ ಹಿಡಿದಳು. ಆಗ ನೆನಪಾಯಿತು. ಜನವರಿಯಲ್ಲಿ ವಿಜ್ಞಾನ ಪ್ರದರ್ಶನ ನೋಡಲು ಶಾಲೆಯ ಮಕ್ಕಳು ಬಂದಿದ್ದರು. ಅವರಿಗೆ ಮೂಸಿ ತೋರಿಸಲೆಂದು ಅಂಗಡಿಯ ಶುದ್ಧ ವೆನಿಲಿನ್ ಅನ್ನು ಇದೇ ಪಾತ್ರೆಯಲ್ಲಿ ಕಾಸಿದ್ದೆ. ಎರಡು ದಿನ ಮುಚ್ಚಿದ ಹಾಗೆಯೇ ಬಿಟ್ಟಿದ್ದೆ. ರಬ್ಬರು ಅದನ್ನು ಹೊಟ್ಟೆ ತುಂಬ ಕುಡಿದಿತ್ತು. ಪ್ರತಿ ಸಲ ಕಾಸಿದಾಗ ಸ್ವಲ್ಪ ಸ್ವಲ್ಪ ಕಕ್ಕಿದೆ. ಆರು, ಐದು, ಮೂರು, ಎರಡು.

ಪಾತ್ರೆ ತೊಳೆದಿದ್ದೆ. ವಾಷರ್ ಬಿಚ್ಚಿ ತೊಳೆದಿರಲಿಲ್ಲ.

"ಮೇಡಂ, ಖಾರದಿಂದನ ಅಷ್ಟ ವೆನಿಲಿನ್ ಬರಬೇಕಂದ್ರ ಎಷ್ಟ ಖಾರ ಬೇಕ್ರಿ?" ಎಂದು ಅವಳು ಮೆತ್ತಗೆ ಕೇಳಿದಳು. ಲೆಕ್ಕ ಹಾಕಲು ಎರಡು ನಿಮಿಷ ಸಾಕಾಯಿತು. ಒಂದು ಗ್ರಾಂ ಲಿಗ್ನಿನ್ ತೆಗೆದ ಎಂಟು ಗ್ರಾಂ ಕಟ್ಟಿಗೆ ಪುಡಿಯಲ್ಲಿ ನೂರು ಗ್ರಾಂ ಖಾರ ಇರಬೇಕಿತ್ತು! ಪುಡಿ ರಕ್ತದ ಹಾಗೆ ಕೆಂಪಗಿರಬೇಕಿತ್ತು, ನಾವಿಬ್ಬರೂ ಸೀನಿ ಸೀನಿ ಹೊರಗೆ ಓಡಬೇಕಿತ್ತು. ಸಮಿತಿಯ ಮುಂದೆ ಬಾಯಿ ಬಿಡುವ ಮೊದಲು ಈ ಎರಡು ನಿಮಿಷ ನನಗೆ ಸಿಗಲಿಲ್ಲ. ಸಿಗಲಿಲ್ಲವೇ, ಬೇಡವಾಗಿತ್ತೇ?

ಏಪ್ರಿಲ್ 4, ಶುಕ್ರವಾರ

ಫೆಬ್ರವರಿ ಎಂಟರ ಪುಟ ತೆಗೆದು ಓದಿದೆ. ಮೂರು ಹಿಡಿ ಜೋಳ. ನಾನೇ ಬರೆದಿದ್ದೇನೆ, ನನ್ನ ಕೈಯಾರೆ. ಮಷಿನ್ ಶುದ್ಧಗೊಳಿಸಿದ್ದರೇ ಎಂದು ಸಮಿತಿಯವರು ಕೇಳಿದಾಗ ನನಗೆ ಅದು ನೆನಪಿತ್ತು. ನೆನಪಿತ್ತು.

ಗಿರಣಿಯವಳು ನನ್ನ ಕಣ್ಣೆದುರಿಗೆ ಮೂರು ಸಲ ಬ್ಲ್ಯಾಂಕ್ ಹಾಕಿದಳು. ನಾನು ಒಂದೂ ಹಾಕಲಿಲ್ಲ.

ಏಪ್ರಿಲ್ 9, ಬುಧವಾರ

ಕುಂದಗೋಳದಿಂದ ಬರುವ ಬಸ್ಸಿಗೆ ಮೈಲಾರವ್ವ ಹತ್ತಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಡೀ ಬಸ್ಸು ಖಾಲಿ ಇದ್ದರೂ ಅವಳು ಬಂದು ನನ್ನ ಬಾಜುವೇ ಕೂತಳು.

"ಅಕ್ಕೋರ, ನಿಮ್ಮ ಮ್ಯಾಲ ಸಿಟ್ಟಿಲ್ರಿ ನನಗ. ಒಂದ ಮಾತ ಕೇಳ್ತೀನಿ. ನನ್ನ ಮಷಿನ್ನಿನ್ಯಾಗ ಏನ ಸಿಕ್ತ್ರಿ?"

ನಾನು ಚೀಲವನ್ನು ಕಾಲ ಹತ್ತಿರ ಎಳೆದುಕೊಂಡೆ.

"ಯಾವ ಹೊಲಸು ಅಂತ ಗೊತ್ತಾದ್ರ ತಗಸ್ತೀನ್ರಿ. ಸೋಡಾ ಹಾಕಿ ತೊಳದೆ. ಬಿಸಿನೀರ ಹಾಕಿ ತೊಳದೆ. ಹುಬ್ಬಳ್ಳಿಂದ ಮಿಸ್ತ್ರಿ ಕರಿಸಿ ಎಲ್ಲಾ ಬಿಚ್ಚಿಸಿ ನೋಡಿದ್ನಿ. ನನ್ನ ಕಣ್ಣಿಗಿ ಏನೂ ಕಾಣವಲ್ದು. ನೀವು ಕಲತಾರ ಅದೀರಿ. ಇನ್ನೂ ಏನ ಹಾಕಿ ತೊಳೀಬೇಕು, ಅಷ್ಟ ಹೇಳ್ರಿ."

ಅವಳ ಕೈ ನೋಡಿದೆ. ಸೋಡಾದಿಂದ ಬೆರಳ ಸಂದಿಯ ಚರ್ಮವೆಲ್ಲ ಸುಲಿದಿತ್ತು.

"ಪರೀಕ್ಷೆ ನಡದೈತಿ. ನೋಡೂಣು," ಅಂದೆ.

"ಆತ್ರಿ," ಅಂದಳು. ಇಳಿಯುವಾಗ ನನ್ನ ಭಾರದ ಚೀಲವನ್ನು ತಾನೇ ಇಳಿಸಿಕೊಟ್ಟಳು.

ನನಗೆ ನಾಚಿಕೆಯಾಗುತ್ತಿದೆ. ಎಷ್ಟೆಂದರೆ ಬರೆದ ಸಾಲನ್ನು ಹೊರಳಿ ನೋಡಲಾಗುತ್ತಿಲ್ಲ. ಗೊತ್ತಿಲ್ಲದೆ ಹೇಳಿದ್ದು ಒಂದು. ಇವತ್ತು ಗೊತ್ತಿದ್ದೂ ಸುಮ್ಮನಿದ್ದೆ.

ಏಪ್ರಿಲ್ 10, ಗುರುವಾರ

ಹೇಳಬೇಕು. ಕಾಲೇಜಿನ ಪರೀಕ್ಷೆಯ ಕೆಲಸ ಮುಗಿಯಲಿ, ಹೇಳುತ್ತೇನೆ.

ಏಪ್ರಿಲ್ 16, ಬುಧವಾರ

ನಮ್ಮ ಮನೆಯ ಖಾರವೂ ಕುಟ್ಟಿಸಿ ಬಂತು. ಪ್ರಭು ಕುಂದಗೋಳಕ್ಕೆ ಒಯ್ದಿದ್ದರು. ಬೇಡ ಎನ್ನಲು ನಿನ್ನೆ ಎರಡು ಸಲ ಬಾಯಿ ತೆರೆದೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಅತ್ತೆ ಡಬ್ಬಿಗೆ ಒತ್ತಿ ಒತ್ತಿ ತುಂಬಿದರು. ಸಾರಿಗೆ ಹಾಕಿದಾಗ ಯಾರಿಗೂ ರುಚಿ ವ್ಯತ್ಯಾಸ ತಿಳಿಯಲಿಲ್ಲ. ನಾನು ಮಜ್ಜಿಗೆ ಹಾಕಿಕೊಂಡು ಉಂಡೆ.

ಏಪ್ರಿಲ್ 22, ಮಂಗಳವಾರ

ಮುಬಶಿರಾ ಹಳೆಯ ವಾಷರನ್ನು ಒಂದು ಸಣ್ಣ ಶೀಶೆಯಲ್ಲಿ ಹಾಕಿ, ತಾರೀಖು ಬರೆದು, ನನ್ನ ಮೇಜಿನ ಮೇಲೆ ಇಟ್ಟಿದ್ದಾಳೆ. ಎಷ್ಟು ದಿನದಿಂದ ಅಲ್ಲಿದೆಯೋ. ಇದನ್ನು ಯಾಕೆ ಇಟ್ಟಿದ್ದೀ ಎಂದು ಸಿಟ್ಟಿನಿಂದ ಕೇಳಿದೆ.

"ಒಗೀರಿ ಅಂದ್ರ ಒಗೀತೀನ್ರಿ," ಅಂದಳು. "ನೀವ ಹೇಳ್ರಿ, ಒಗೀಲೇನು?"

ಶೀಶೆಯನ್ನು ಇದ್ದ ಜಾಗದಲ್ಲೇ ಮತ್ತೆ ಇಟ್ಟೆ.

ಏಪ್ರಿಲ್ 24, ಗುರುವಾರ

ಸಮಿತಿಗೆ ಪತ್ರ ಕಳಿಸಿದೆ. ಮೊದಲ ಕರಡಿನಲ್ಲಿ "ತಪ್ಪು ಸಂಭವಿಸಿದೆ" ಎಂದಿತ್ತು. ಹರಿದೆ. ನಾನು ವಾಷರ್ ತೊಳೆಯಲಿಲ್ಲ, ನಾನು ಬ್ಲ್ಯಾಂಕ್ ಹಾಕಲಿಲ್ಲ, ಗಿರಣಿಯ ಮಷಿನ್ ಶುದ್ಧ ಮಾಡಿದ್ದನ್ನು ನಾನು ಕಣ್ಣಾರೆ ನೋಡಿಯೂ ಹೇಳಲಿಲ್ಲ ಎಂದು ಬರೆದೆ. ಹೊಸ ವಾಷರ್ ಹಾಕಿ ಮೂರು ಸಲ ಮಾಡಿದ ಫಲಿತಾಂಶವನ್ನೂ ಸೇರಿಸಿದೆ. ನೂರಕ್ಕೆ ಒಂದು. ಹತ್ತಿ ಕಟ್ಟಿಗೆಯಲ್ಲಿ ಇರುವುದು ಅಷ್ಟೇ. ಮುಚ್ಚಳ ತೆಗೆದಾಗ ಘಮಘಮವೇನೂ ಇಲ್ಲ, ಸುಟ್ಟ ಬೆಲ್ಲದ ಹಾಗೆ ಒಂದು ಎಳೆ ವಾಸನೆ ಬರುತ್ತದೆ.

ಪ್ರಾಂಶುಪಾಲರು ಒಂದು ಗಂಟೆ ಕೂಗಾಡಿದರು. ಪತ್ರಿಕೆಯವನಿಗೂ ಫೋನ್ ಮಾಡಿದೆ. ತಿದ್ದುಪಡಿ ಹಾಕುತ್ತಾನಂತೆ, ಜಾಗ ಇದ್ದರೆ.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಗಿರಣಿಗೆ ಹೋದೆ. ಜನ ಇರುವ ಹೊತ್ತಿಗೇ ಹೋಗಬೇಕು, ಎಲ್ಲರೆದುರು ಹೇಳಬೇಕು ಎಂದು ನಾಲ್ಕು ದಿನದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮೈಲಾರವ್ವ ಒಬ್ಬರೇ ಹೊಸ್ತಿಲ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ಮಷಿನ್ನಿನ ಮೇಲೆ ಗೋಣಿತಟ್ಟು ಹೊದಿಸಿತ್ತು.

ಹೇಳಿದೆ. ನಿಂತುಕೊಂಡೇ ಹೇಳಿದೆ. ವಾಷರಿನ ಸಂಗತಿ, ಸಭೆಯಲ್ಲಿ ನಕ್ಕದ್ದು, ಬಸ್ಸಿನಲ್ಲಿ ಅವರು ಕೇಳಿದಾಗ ನನಗೆ ಆಗಲೇ ಗೊತ್ತಿದ್ದದ್ದು, ಎಲ್ಲ. ನಡುವೆ ನಾಲಗೆ ಒಣಗಿ ಮಾತು ನಿಂತಾಗ ಅವರು ನೀರಿನ ಚರಿಗೆಯನ್ನು ಮುಂದೆ ಸರಿಸಿದರು. ನೀರು ಕುಡಿದು ಮುಗಿಸಿದೆ.

"ನನ್ನ ಮಷಿನ್ನಿನ್ಯಾಗ ಏನೂ ಇರಲಿಲ್ಲ," ಅಂದರು. ಕೇಳಿದ್ದಲ್ಲ.

"ಏನೂ ಇರಲಿಲ್ರಿ. ತಪ್ಪ ನಂದು. ಎಲ್ಲಾರ ಮುಂದ ಹೇಳೂಣು ಅಂತನ ಬಂದೀನ್ರಿ ಮೈಲಾರವ್ವಾರ."

"ಯಾರ ಮುಂದ ಹೇಳ್ತೀರಿ ಅಕ್ಕೋರ? ಯಾರದಾರ ಇಲ್ಲಿ?" ಎಂದು ಗಿರಣಿಯ ಒಳಗೆಲ್ಲ ಕೈ ತೋರಿಸಿದರು. "ಊರವರದೆಲ್ಲಾ ಖಾರ ಕುಟ್ಟಿಸಿ ಆತು. ಡಬ್ಬಿ ತುಂಬಿ ಮುಚ್ಚಳ ಹಾಕ್ಯಾರ. ಇನ್ನ ಬರೂದು ಮುಂದಿನ ವರ್ಷ."

ಏಪ್ರಿಲ್ ಮೂರರಂದೇ ನನಗೆ ಗೊತ್ತಾಗಿತ್ತು. ಅವತ್ತೇ ಬಂದಿದ್ದರೆ ಅರ್ಧ ಊರಿನ ಖಾರ ಇನ್ನೂ ಬಿಸಿಲಿನಲ್ಲಿ ಒಣಗುತ್ತಿತ್ತು. ಪರೀಕ್ಷೆಯ ಕೆಲಸ ಮುಗಿಯಲಿ ಎಂದು ನಾನು ಕಾದದ್ದು ಇಪ್ಪತ್ತನಾಲ್ಕು ದಿನ.

"ನಾ ಏನ ಮಾಡ್ಲಿ ಹೇಳ್ರಿ," ಅಂದೆ.

ಅವರು ಮೊರದಿಂದ ಕಲ್ಲು ಆರಿಸಿ ಆರಿಸಿ ಒಗೆದರು. ಆಮೇಲೆ ಹೇಳಿದರು.

"ನಿಮ್ಮ ಮಾತು ಮನಿ ಮನಿಗಿ ಹೋಗೈತಿ. ನೀವೂ ಮನಿ ಮನಿಗಿ ಹೋಗ್ರಿ."

ಏಪ್ರಿಲ್ 28, ಸೋಮವಾರ

ಅತ್ತೆಗೂ ಪ್ರಭುವಿಗೂ ಹೇಳಿದೆ. ಪ್ರಭು, ಆದದ್ದು ಆಯಿತು, ಪತ್ರಿಕೆಯಲ್ಲಿ ತಿದ್ದುಪಡಿ ಬಂದರೆ ಸಾಕು, ಮನೆ ಮನೆಗೆ ಹೋಗುವುದೇನು ಭಿಕ್ಷೆಗೆ ಹೋದ ಹಾಗೆ ಎಂದರು.

"ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ," ಅಂದರು ಅತ್ತೆ. ನನ್ನ ಮುಖ ನೋಡಲಿಲ್ಲ. "ಹೋಗು. ಹೋಗಾಕ ಬೇಕು."

"ನೀವೂ ಬರ್ರಿ ಅತ್ತಿ ಜೋಡಿ. ಒಬ್ಬಾಕಿಗೆ ಆಗೂದಿಲ್ರಿ."

"ನಾ ಬರೂದಿಲ್ಲ ಬೇ. ನಾ ಬಂದ್ರ ದೊಡ್ಡ ಮನಿಯವರು ಬಂದ್ರು ಅಂತ ಚಾಪಿ ಹಾಸಿ ಚಾ ಕುಡಿಸಿ ಕಳಸ್ತಾರ. ನಿನ್ನ ಮಾತ ಯಾರೂ ಕೇಳೂದಿಲ್ಲ. ಒಬ್ಬಾಕಿನ ಹೋಗು."

ಮೇ 1, ಗುರುವಾರ

ಕಾಲೇಜಿಗೆ ರಜೆ. ಮೇಲಿನ ಓಣಿ ಮುಗಿಸಿದೆ. ಮೊದಲನೆಯ ಮನೆಯ ಬಾಗಿಲಲ್ಲಿ ನಿಂತು ನೀರು ಕೇಳಿ ಕುಡಿದು ವಾಪಸು ಬಂದೆ. ಅಲ್ಲಿಗೆ ಕೊನೆಯಲ್ಲಿ ಮತ್ತೆ ಹೋಗಬೇಕಾಯಿತು.

ಕೆಲವರು ನಕ್ಕರು. ಒಬ್ಬರು ನನಗೆ ಯಾರೋ ಮಾಟ ಮಾಡಿಸಿರಬೇಕು ಎಂದು ಕನಿಕರಪಟ್ಟರು. ಒಬ್ಬರು, ಹೋಗಲಿ ಬಿಡ್ರಿ, ಅದಕ್ಯಾಕ ಇಷ್ಟು ಬಿಸಿಲಾಗ ಬಂದ್ರಿ ಅಂದರು. ಬಿಡ್ರಿ ಅಂದವರನ್ನು ಬಿಡದೆ ಪೂರ್ತಿ ಹೇಳಿದೆ. ಏಳೆಂಟು ಮನೆಯಾದ ಮೇಲೆ ಮಾತು ತಾನಾಗಿಯೇ ಬರತೊಡಗಿತು. ಹಾಗೆ ಸಲೀಸಾಗಿ ಬಂದದ್ದು ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತು ಮತ್ತೆ ಎದ್ದೆ.

ಮೇ 3, ಶನಿವಾರ

ಕೆಳಗಿನ ಓಣಿಯ ಮನೆಗಳೆಲ್ಲ ಆದವು. ಕೈಮಗ್ಗದ ಸೀರೆ ಉಟ್ಟ ಹಣ್ಣು ಮುದುಕಿಯೊಬ್ಬರು ನನ್ನನ್ನು ಎದುರು ಕೂರಿಸಿಕೊಂಡು ಎಲ್ಲ ಕೇಳಿದರು. ಸುಗರಾಬಿ ಎಂದು ಹೆಸರು, ಊರಿನ ಅರ್ಧ ಜನರ ಹೆರಿಗೆ ಅವರ ಕೈಯಲ್ಲೇ ಆಗಿದೆಯಂತೆ.

"ಮೈಲಾರಿ ಅಂಥಾಕಿ ಅಲ್ಲ ಅಂತ ನಮಗ ಗೊತ್ತಿತ್ತವಾ," ಅಂದರು. "ಮೂವತ್ತ ವರ್ಷ ಅಕಿ ಕುಟ್ಟಿದ ಖಾರ ತಿಂದೀವಿ. ಆದ್ರ ಹೇಳಿದಾಕಿ ನೀನು. ಕಲತಾಕಿ. ನೀ ಅಂದ ಮ್ಯಾಲ ನಮಗ ಗೊತ್ತಿದ್ದದ್ದ ಸುಳ್ಳ ಇರಬೇಕು ಅನಕೊಂಡ್ವಿ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇ 4, ಭಾನುವಾರ

ಸಂಜೆ ಮೈಲಾರವ್ವನವರ ಮನೆಗೆ ಹೋದೆ. ಗಿರಣಿಯ ಹಿಂದೆಯೇ ಅವರ ಮನೆ. ಊರಿನ ಎಲ್ಲ ಮನೆಗೂ ಹೋಗಿ ಬಂದೆ, ಒಂದನ್ನೂ ಬಿಟ್ಟಿಲ್ಲ ಎಂದೆ.

"ಒಂದ ಮನಿ ಉಳದೈತ್ರಿ ಅಕ್ಕೋರ," ಅಂದರು. "ಒಳಗ ಬರ್ರಿ."

ಒಳಗೆ ಅವರ ಗಂಡ ಬೀರಲಿಂಗ ನೆಲದ ಮೇಲೆ ಕೂತು ಗಿರಣಿಯ ಬೆಲ್ಟಿಗೆ ಹೊಲಿಗೆ ಹಾಕುತ್ತಿದ್ದರು. ನನ್ನನ್ನು ಕಂಡು ಏಳಲು ಹೋದರು. ಮೈಲಾರವ್ವ ಅವರ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು.

"ಇವಂಗ ಹೇಳ್ರಿ."

"ಇವರಿಗೆ ನೀವು ಹೇಳಿಲ್ಲೇನ್ರಿ?"

"ನಾ ಹೇಳೂದಲ್ರಿ, ನೀವು ಹೇಳಬೇಕು." ಮೈಲಾರವ್ವನವರ ಧ್ವನಿ ಏರಲಿಲ್ಲ. "ಊರ ಮಂದಿ ಅಂದ್ರು, ನಾ ಅಳಲಿಲ್ಲ. ಪೇಪರಿನ್ಯಾಗ ಬಂತು, ಅಳಲಿಲ್ಲ. ಒಂದಿನ ಉಣ್ಣಾಕ ಕುಂತಾಗ ಇಂವ ಕೇಳಿದ. ಖರೇ ಹೇಳು, ಏನರ ಹಾಕಿದ್ದೇನು ಅಂತ. ಲಗ್ನ ಆಗಿ ಮೂವತ್ತೊಂದ ವರ್ಷ ಆತ್ರಿ."

ಬೀರಲಿಂಗ ತಲೆ ತಗ್ಗಿಸಿದರು. ದಬ್ಬಣ ಕೈಯಲ್ಲೇ ಇತ್ತು.

ಅವರೆದುರು ನೆಲದ ಮೇಲೆ ಕೂತೆ. ಮೂರು ದಿನ ಅಷ್ಟು ಮನೆಗಳಲ್ಲಿ ಹೇಳಿದ ಮಾತು ಇಲ್ಲಿ ಬರಲಿಲ್ಲ. ಎಲ್ಲಿಂದ ಶುರು ಮಾಡಲಿ? ನಿಮ್ಮ ಹೆಂಡತಿಯ ಮೇಲೆ ನಾನು ಸುಳ್ಳು ಹೇಳಿದೆ ಎಂದೆ, ಅಲ್ಲಿಂದ ಶುರು ಮಾಡಿದೆ. ಅವರು ಅಲುಗಾಡದೆ ಕೇಳಿದರು. ನಾನು ಮುಗಿಸಿದ ಮೇಲೂ ತಲೆ ಎತ್ತಲಿಲ್ಲ.

"ಕೇಳಿದಿ?" ಅಂದರು ಮೈಲಾರವ್ವ.

"ಕೇಳಿದೆ."

"ಏನ ಕೇಳಿದಿ? ಹೇಳು."

ಬೀರಲಿಂಗ ದಬ್ಬಣವನ್ನು ನೆಲದ ಮೇಲಿಟ್ಟರು. ಆಮೇಲೆ ಅವರು ನನ್ನ ಕಡೆ ನೋಡದೆ, ಹೆಂಡತಿಯ ಕಡೆ ತಿರುಗಿ ಹೇಳಿದರು.

"ನೀ ಏನೂ ಹಾಕಿದ್ದಿಲ್ಲ. ನಾ ಕೇಳಬಾರದಿತ್ತು."

ಮೈಲಾರವ್ವನವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಗಿರಣಿಯಲ್ಲಿ ನಾನು ತಪ್ಪೊಪ್ಪಿಕೊಂಡಾಗ ಅವರ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಬೀರಲಿಂಗ ಬೆಲ್ಟನ್ನು ಬದಿಗಿಟ್ಟು ಅವರ ಹತ್ತಿರ ಸರಿದರು.

ನಾನು ಅಲ್ಲಿ ಇರಬೇಕಾದವಳಾಗಿರಲಿಲ್ಲ. ಸದ್ದಿಲ್ಲದೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.